ತಾತ್ಕಾಲಿಕ ರೂಪಾಂತರ (ಪಾತ್ರಾಭಿನಯ ಆಟ)

ತಾತ್ಕಾಲಿಕ ರೂಪಾಂತರ ಎಂಬುದು ಮೇಜಿನ ಸುತ್ತ ಕುಳಿತು ಆಡುವ ಪಾತ್ರಾಭಿನಯ ಆಟಗಳಲ್ಲಿ ಒಂದು ಪಾತ್ರ ಅಥವಾ ಪ್ರಾಣಿಯು ನಿಗದಿತ ಅವಧಿಗೆ ಬೇರೆ ರೂಪವನ್ನು ಇಲ್ಲವೆ ಹೆಚ್ಚಿನ ಬಲವನ್ನು ಪಡೆದು, ಅವಧಿ ತೀರಿದ ಬಳಿಕ ಮೊದಲಿನ ಸ್ಥಿತಿಗೆ ಮರಳುವ ವಿಧಾನವಾಗಿದೆ. ಈ ಬಗೆಯ ಆಟಗಳಲ್ಲಿ ಮೊದಲನೆಯದಾಗಿ ಮಾರುಕಟ್ಟೆಗೆ ಬಂದ, ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರಚಿತ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಲ್ಲಿ (1974) ಇದು ಆರಂಭದಿಂದಲೂ ಇದೆ. ಆ ಆಟದಲ್ಲಿ ಅತಿ ಹೆಚ್ಚು ಬಾರಿ ತಿದ್ದುಪಡಿಗೆ ಒಳಗಾದ ನಿಯಮಗಳ ಪೈಕಿ ಇದೂ ಒಂದು.

ಹಿನ್ನೆಲೆ

ಪಾತ್ರಾಭಿನಯ ಆಟದಲ್ಲಿ ಒಬ್ಬರು ಸೂತ್ರಧಾರರಾಗಿ ಸನ್ನಿವೇಶವನ್ನು ವಿವರಿಸುತ್ತಾರೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಲ್ಲಿ ಇವರನ್ನು ಡಂಜನ್ ಮಾಸ್ಟರ್ ಎನ್ನುತ್ತಾರೆ. ಉಳಿದವರು ತಲಾ ಒಂದು ಪಾತ್ರವನ್ನು ವಹಿಸಿ, ಅದು ಏನು ಮಾಡುತ್ತದೆಂದು ಹೇಳುತ್ತಾರೆ. ಫಲ ಅನಿಶ್ಚಿತವಾಗಿರುವಲ್ಲಿ ದಾಳ ಹಾಕಿ ನಿರ್ಧರಿಸಲಾಗುತ್ತದೆ. ಪ್ರತಿಯೊಂದು ಪಾತ್ರಕ್ಕೂ, ಎದುರಾಗುವ ಪ್ರತಿಯೊಂದು ಪ್ರಾಣಿಗೂ ಬಲ, ಚುರುಕು, ಬುದ್ಧಿ ಮೊದಲಾದವುಗಳ ಅಂಕಗಳಿರುತ್ತವೆ. ಎಷ್ಟು ಪೆಟ್ಟು ತಡೆದುಕೊಳ್ಳಬಲ್ಲುದೆಂಬುದನ್ನು ಹಿಟ್ ಪಾಯಿಂಟ್ ಎಂಬ ಸಂಖ್ಯೆ ತಿಳಿಸುತ್ತದೆ.

ಕಥೆ ಕೇಳುವವರಿಗೆ ಮನುಷ್ಯನು ಹುಲಿಯಾದನು ಎಂಬ ಒಂದು ಮಾತು ಸಾಕು. ಆಟಕ್ಕೆ ಸಾಲದು. ಯಾವ ಅಂಕಗಳು ಹುಲಿಯವು, ಯಾವುವು ಮನುಷ್ಯನವು, ಹುಲಿಗೆ ಬಿದ್ದ ಪೆಟ್ಟು ಕೊನೆಗೆ ಯಾರ ಮೈಮೇಲೆ ಉಳಿಯುತ್ತದೆ ಎಂಬುದನ್ನು ಮೊದಲೇ ಗೊತ್ತುಮಾಡಬೇಕಾಗುತ್ತದೆ. ಇವುಗಳಲ್ಲಿ ಕೊನೆಯ ಪ್ರಶ್ನೆಯೇ ಹೆಚ್ಚು ತೊಡಕಿನದು.

ಆರಂಭಿಕ ನಿಯಮಗಳು

1974ರ ಪುಸ್ತಕಗಳಲ್ಲಿ ಮಾಂತ್ರಿಕ ಪಾತ್ರಗಳಿಗೆ ಎರಡು ರೂಪಾಂತರ ಮಂತ್ರಗಳಿದ್ದವು. ತನ್ನನ್ನು ತಾನೇ ಬದಲಿಸಿಕೊಳ್ಳುವ ಮಂತ್ರವು ಆಕಾರವನ್ನಷ್ಟೇ ಕೊಡುತ್ತಿತ್ತು. ಡ್ರ್ಯಾಗನ್ ಆದ ಮಾಂತ್ರಿಕನು ಹಾರಬಲ್ಲವನಾಗಿದ್ದನು, ಆದರೆ ಬೆಂಕಿ ಉಗುಳಲಾರನು. ಇನ್ನೊಬ್ಬರನ್ನು ಬದಲಿಸುವ ಮಂತ್ರದಲ್ಲಿ ಹೊಸ ರೂಪದ ಎಲ್ಲ ಗುಣಗಳೂ ಬರುತ್ತಿದ್ದವು; ಪ್ರತಿಮಂತ್ರದಿಂದ ತೆಗೆಯುವವರೆಗೂ ಆ ರೂಪ ಉಳಿಯುತ್ತಿತ್ತು. ಹೀಗಾಗಿ ಸ್ವಂತಕ್ಕಿಂತ ಸಂಗಡಿಗನ ಮೇಲೆ ಪ್ರಯೋಗಿಸುವುದೇ ಲಾಭದಾಯಕವಾಗಿತ್ತು.

1978ರ ಅಡ್ವಾನ್ಸ್ಡ್ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಇದಕ್ಕೆ ದೈಹಿಕ ಬೆಲೆಯೊಂದನ್ನು ಕಟ್ಟಿತು. ಅನ್ಯರಿಂದ ರೂಪ ಬದಲಾದ ದೇಹವು ಆ ಆಘಾತವನ್ನು ತಡೆದುಕೊಂಡಿತೇ ಎಂದು ದಾಳ ಹಾಕಬೇಕಿತ್ತು, ತಡೆಯದಿದ್ದರೆ ಸಾವು. ವೇಗವನ್ನು ಇಮ್ಮಡಿಗೊಳಿಸುವ ಹೇಸ್ಟ್ ಮಂತ್ರಕ್ಕೆ ಒಳಗಾದ ಪಾತ್ರಕ್ಕೆ ಪ್ರತಿ ಸಲವೂ ಒಂದು ವರ್ಷ ವಯಸ್ಸು ಹೆಚ್ಚುತ್ತಿತ್ತು. ಕ್ಷಣಿಕ ಬಲಕ್ಕೆ ಆಯುಸ್ಸನ್ನು ತೆರುವ ಈ ಕಲ್ಪನೆ ಸೊಗಸಾದುದೇ. ಆದರೆ ಬಹುಪಾಲು ಪಾತ್ರಗಳ ಆಟವು ಮುಪ್ಪು ಬರುವಷ್ಟು ಕಾಲ ನಡೆಯುವುದಿಲ್ಲವಾದ್ದರಿಂದ ಆ ಬೆಲೆ ಅಷ್ಟಾಗಿ ತಟ್ಟುತ್ತಿರಲಿಲ್ಲ.

ಅತಿಬಳಕೆ ಮತ್ತು ಮರುರಚನೆ

2000ದ ಮೂರನೆಯ ಆವೃತ್ತಿ ಮತ್ತು 2003ರ ಅದರ ಪರಿಷ್ಕರಣೆಯಲ್ಲಿ ಸಮಸ್ಯೆ ತೀವ್ರವಾಯಿತು. ಮಂತ್ರವು ಅಷ್ಟೇ ಇದ್ದರೂ ಪ್ರಾಣಿಗಳನ್ನು ವರ್ಣಿಸುವ ಹೊಸ ಪುಸ್ತಕಗಳು ಬಂದಂತೆಲ್ಲ ಆಯ್ದುಕೊಳ್ಳಬಹುದಾದ ರೂಪಗಳ ಪಟ್ಟಿ ಬೆಳೆಯುತ್ತಿತ್ತು. ಶತ್ರುವಾಗಿ ಎದುರು ನಿಲ್ಲಲೆಂದು ರಚಿಸಿದ ಪ್ರಾಣಿಯು ಆಟಗಾರನ ವೇಷವಾಗಬಹುದೆಂದು ಅದರ ಕರ್ತೃ ಯೋಚಿಸಿರುತ್ತಿರಲಿಲ್ಲ. ಜೊತೆಗೆ, ರೂಪ ಬದಲಾದಾಗಲೆಲ್ಲ ಅಂಕಗಳನ್ನು ಹೊಸದಾಗಿ ಲೆಕ್ಕ ಹಾಕುವವರೆಗೆ ಉಳಿದ ಆಟಗಾರರು ಕಾಯಬೇಕಾಗುತ್ತಿತ್ತು.

2006ರ ಪ್ಲೇಯರ್ಸ್ ಹ್ಯಾಂಡ್‌ಬುಕ್ 2, ಒಂದು ಮಂತ್ರಕ್ಕೆ ಒಂದೇ ನಿಶ್ಚಿತ ರೂಪ ಎಂಬ ಮಾರ್ಗವನ್ನು ಹಿಡಿಯಿತು. 2009ರಲ್ಲಿ ಪೈಜೊ ಸಂಸ್ಥೆ ಹೊರತಂದ ಪಾತ್‌ಫೈಂಡರ್ ಇನ್ನೊಂದು ದಾರಿ ಕಂಡುಕೊಂಡಿತು. ಅದರಲ್ಲಿ ಪ್ರಾಣಿಯ ಅಂಕಗಳು ಬರುವುದಿಲ್ಲ. ಪಾತ್ರದ ಸ್ವಂತ ಅಂಕಗಳಿಗೆ ನಿಗದಿತ ಮೊತ್ತವನ್ನು ಕೂಡಿಸಲಾಗುತ್ತದೆ. ಅತಿಬಳಕೆ ತಗ್ಗಿತು, ಆದರೆ ಒಂದೇ ಗಾತ್ರದ ಎರಡು ಪ್ರಾಣಿಗಳ ನಡುವಿನ ಭೇದವೂ ಬಹುಮಟ್ಟಿಗೆ ಮಸುಕಾಯಿತು.

ಐದನೆಯ ಆವೃತ್ತಿ

2014ರ ಐದನೆಯ ಆವೃತ್ತಿ ಪ್ರಾಣಿಯ ಅಂಕಗಳನ್ನು ಮರಳಿ ತಂದಿತು. ಇದರಲ್ಲಿ ಪ್ರಕೃತಿಯ ಉಪಾಸಕನಾದ ಡ್ರೂಯಿಡ್ ಪಾತ್ರವು ಎರಡನೆಯ ಹಂತದಿಂದ ವೈಲ್ಡ್ ಶೇಪ್ ಎಂಬ ಶಕ್ತಿಯನ್ನು ಪಡೆಯುತ್ತದೆ. ವಿಶ್ರಾಂತಿಯ ನಡುವೆ ಎರಡು ಬಾರಿ ಇದನ್ನು ಬಳಸಬಹುದು. ಹಂತದ ಅರ್ಧದಷ್ಟು ಗಂಟೆ ರೂಪ ನಿಲ್ಲುತ್ತದೆ. ಬುದ್ಧಿ, ವಿವೇಕ ಮತ್ತು ವರ್ಚಸ್ಸಿನ ಅಂಕಗಳು ಡ್ರೂಯಿಡ್‌ನವೇ ಆಗಿದ್ದು ದೇಹದ ಅಂಕಗಳು ಪ್ರಾಣಿಯವಾಗುತ್ತವೆ. ತಾನು ಹಿಂದೆ ಕಂಡ ಪ್ರಾಣಿಯ ರೂಪವನ್ನು ಮಾತ್ರ ತಾಳಬಹುದು. ಇಲ್ಲಿ ಕಂಡಿರಬೇಕಾದುದು ಪಾತ್ರವೇ ಹೊರತು ಆಟಗಾರನಲ್ಲ. ಆಯನೂರಿನ ಆಟಗಾರನು ಶಿವಮೊಗ್ಗದ ದಾರಿಯಲ್ಲಿರುವ ತ್ಯಾವರೆಕೊಪ್ಪದ ಸಫಾರಿಯಲ್ಲಿ ಹುಲಿಯನ್ನು ನೋಡಿ ಬಂದಿದ್ದರೆ ಅದು ಲೆಕ್ಕಕ್ಕಿಲ್ಲ.

ಹುಲಿಯ ಉದಾಹರಣೆಯಿಂದಲೇ ಈ ನಿಯಮದ ಬಲ ತಿಳಿಯುತ್ತದೆ. ಎರಡನೆಯ ಹಂತದ ಡ್ರೂಯಿಡ್‌ಗೆ ಸುಮಾರು 17 ಹಿಟ್ ಪಾಯಿಂಟ್ ಇರುತ್ತದೆ. ಹುಲಿಗೆ 37. ಚಂದ್ರಪಂಥದ ಡ್ರೂಯಿಡ್ ಆ ಹಂತದಲ್ಲೇ ಹುಲಿಯಾಗಬಲ್ಲನು. ಹುಲಿಯ 37 ಮುಗಿದಾಗ ಅವನು ಸಾಯುವುದಿಲ್ಲ, ತನ್ನ ರೂಪಕ್ಕೆ ಮರಳುತ್ತಾನೆ. ಮಿಕ್ಕ ಪೆಟ್ಟು ಮಾತ್ರ ಅವನಿಗೆ ತಾಗುತ್ತದೆ. ಹುಲಿಗೆ 5 ಉಳಿದಿರುವಾಗ 9ರ ಪೆಟ್ಟು ಬಿದ್ದರೆ ಅವನು ಕಳೆದುಕೊಳ್ಳುವುದು 4. ಮತ್ತೊಮ್ಮೆ ಹುಲಿಯಾದರೆ ಮತ್ತೆ 37. ಹೀಗೆ 17ರ ಪಾತ್ರವು ಒಂದೇ ಕಾಳಗದಲ್ಲಿ 91ರಷ್ಟು ಪೆಟ್ಟು ತಿನ್ನಬಹುದು. ಪಕ್ಕದಲ್ಲಿ ಕತ್ತಿ ಹಿಡಿದ ಯೋಧನ ಪಾತ್ರಧಾರಿಗೆ ತಾನಿಲ್ಲೇಕೆ ಇದ್ದೇನೆಂದು ಅನ್ನಿಸಿದರೆ ಅಚ್ಚರಿಯಿಲ್ಲ.

ಪಾಲಿಮಾರ್ಫ್ ಮಂತ್ರ ಇನ್ನೂ ಬಲವಾದುದು. ಏಳನೆಯ ಹಂತದ ಸಂಗಡಿಗನನ್ನು ಅದು 157 ಹಿಟ್ ಪಾಯಿಂಟಿನ ದೈತ್ಯ ವಾನರನನ್ನಾಗಿ ಒಂದು ಗಂಟೆಯವರೆಗೆ ಮಾರ್ಪಡಿಸುತ್ತದೆ. ಇದಕ್ಕೆ ಬೆಲೆಯಿದೆ: ಬುದ್ಧಿಯೂ ವಾನರನದೇ ಆಗುತ್ತದೆ, ಮಾತು ನಿಲ್ಲುತ್ತದೆ, ಮಂತ್ರ ಹಾಕಲಾಗುವುದಿಲ್ಲ. ಪ್ರಯೋಗಿಸಿದವನು ಏಕಾಗ್ರತೆಯನ್ನೂ ಕಾಯ್ದುಕೊಳ್ಳಬೇಕು. ಅವನಿಗೆ ಪೆಟ್ಟು ಬಿದ್ದು ಏಕಾಗ್ರತೆ ಮುರಿದರೆ ರೂಪವೂ ಕಳಚುತ್ತದೆ. ಹೀಗಾಗಿ ಜಾಣ ಶತ್ರುವು ವಾನರನನ್ನು ಬಿಟ್ಟು, ಹಿಂದೆ ಅಡಗಿರುವ ಮಾಂತ್ರಿಕನನ್ನು ಹುಡುಕುತ್ತಾನೆ.

2024ರ ಪರಿಷ್ಕರಣೆಯು ವೈಲ್ಡ್ ಶೇಪ್‌ನ ಲೆಕ್ಕವನ್ನು ಬದಲಿಸಿತು. ಡ್ರೂಯಿಡ್ ತನ್ನ ಹಿಟ್ ಪಾಯಿಂಟನ್ನೇ ಉಳಿಸಿಕೊಳ್ಳುತ್ತಾನೆ. ಅದರ ಮೇಲೆ ಹಂತಕ್ಕೆ ಸಮನಾದ ತಾತ್ಕಾಲಿಕ ಹಿಟ್ ಪಾಯಿಂಟ್ ಸಿಗುತ್ತದೆ. ಎರಡನೆಯ ಹಂತದಲ್ಲಿ 37ರ ಬದಲು ಕೇವಲ 2. ಹುಲಿಯ ಪಂಜ ಉಳಿಯಿತು, ಹುಲಿಯ ಚರ್ಮ ಹೋಯಿತು ಎನ್ನಬಹುದು. ಚಂದ್ರಪಂಥದವರಿಗೆ ಮಾತ್ರ ಈ ಕವಚ ಮೂರು ಪಟ್ಟು ದೊರೆಯುತ್ತದೆ.

ಶತ್ರುಪಾತ್ರಗಳಿಗೂ ಇಂಥ ಏರಿಕೆಗಳಿವೆ. ಗ್ರೀಕ್ ಪುರಾಣವನ್ನು ಆಧರಿಸಿದ ಮಿಥಿಕ್ ಒಡಿಸೀಸ್ ಆಫ್ ಥೆರೋಸ್ (2020) ಪುಸ್ತಕದ ಕೆಲವು ಪ್ರಾಣಿಗಳು ಹಿಟ್ ಪಾಯಿಂಟ್ ಸೊನ್ನೆಗಿಳಿದೊಡನೆ ಚೇತರಿಸಿಕೊಂಡು, ಅದುವರೆಗೆ ಇಲ್ಲದ ಶಕ್ತಿಗಳೊಂದಿಗೆ ಎರಡನೆಯ ಕಾಳಗವನ್ನು ಆರಂಭಿಸುತ್ತವೆ.

ಭಾರತೀಯ ಪರಂಪರೆಯೊಂದಿಗೆ ಹೋಲಿಕೆ

ಬಯಸಿದ ರೂಪ ತಾಳುವವರನ್ನು ಭಾರತೀಯ ಕಾವ್ಯಗಳು ಕಾಮರೂಪಿಗಳೆನ್ನುತ್ತವೆ. ದೇವೀಮಾಹಾತ್ಮ್ಯದ ಮಹಿಷಾಸುರನು ಕೋಣ, ಸಿಂಹ, ಖಡ್ಗಧಾರಿ ಪುರುಷ, ಆನೆ ಎಂದು ರೂಪ ಬದಲಿಸಿ ಪುನಃ ಕೋಣನಾಗುತ್ತಾನೆ. ಕೋಣನ ಬಾಯಿಂದ ಅರ್ಧ ಹೊರಬಂದಿರುವಾಗ ದೇವಿ ಅವನನ್ನು ವಧಿಸುತ್ತಾಳೆ. ಡ್ರೂಯಿಡ್‌ಗೆ ಪ್ರಾಣಿರೂಪವು ಪ್ರಾಣ ಉಳಿಸುವ ಹೊದಿಕೆ; ಮಹಿಷನಿಗೆ ರೂಪದಿಂದ ರೂಪಕ್ಕೆ ದಾಟುವ ಆ ಕ್ಷಣವೇ ಮೃತ್ಯು. 2014ರ ನಿಯಮದಲ್ಲಿ ಇಂಥ ನಡುವಿನ ಕ್ಷಣವೇ ಇಲ್ಲ.

ರಾಕ್ಷಸರು 1977ರ ಮಾನ್‌ಸ್ಟರ್ ಮ್ಯಾನ್ಯುಅಲ್‌ನಲ್ಲೇ ಸೇರಿದ್ದಾರೆ. ಹುಲಿಯ ತಲೆ, ಹಿಂದುಮುಂದಾದ ಅಂಗೈಗಳುಳ್ಳ ಅವರ ಚಿತ್ರವು ಮುಂದೆ ಈ ಆಟದ ಗುರುತುಗಳಲ್ಲೊಂದಾಯಿತು. ಆದರೆ 2014ರ ನಿಯಮದ ಪ್ರಕಾರ ಅವರು ಬೇಕೆಂದಾಗ ಮಾಡಬಲ್ಲುದು ನೋಟವನ್ನು ಮರೆಸುವ ಭ್ರಮೆಯನ್ನಷ್ಟೇ. ಚಿನ್ನದ ಜಿಂಕೆಯಾಗಿ ಸೀತೆಯ ಮುಂದೆ ಸುಳಿದ ಮಾರೀಚನಂತೆ ಅವರು ಮೈಯನ್ನೇ ಬದಲಿಸಲಾರರು.

ಕರ್ನಾಟಕದ ಮನೆಯಾಟಗಳಲ್ಲಿ ಇದಕ್ಕೆ ಸಮೀಪದ ನಿಯಮವೆಂದರೆ ಚೌಕಾಬಾರದ ಗಟ್ಟಿ. ಕೆಲವೆಡೆ ಆಡುವ ಕ್ರಮದಲ್ಲಿ ಒಬ್ಬನ ಎರಡು ಕಾಯಿಗಳು ಒಂದೇ ಮನೆಯಲ್ಲಿ ಕೂಡಿದರೆ ಗಟ್ಟಿಯಾಗುತ್ತವೆ. ಒಂಟಿ ಕಾಯಿ ಅದನ್ನು ಹೊಡೆಯಲಾಗದು. ಆದರೆ ಗಟ್ಟಿ ನಡೆಯಬೇಕಾದರೆ ಕವಡೆಯಲ್ಲಿ ಸಮಸಂಖ್ಯೆ ಬೀಳಬೇಕು, ಬಿದ್ದುದರ ಅರ್ಧದಷ್ಟು ಮನೆಗಳನ್ನು ಮಾತ್ರ ಅದು ದಾಟುತ್ತದೆ.