ದಣಿದವರಿಗೆ ಒಂದು ಬೆಂಚು, ಅಗಲಿದವರಿಗೆ ಒಂದು ನೆನಪು

ನವೆಂಬರ್ ಬಂತೆಂದರೆ ನಮ್ಮ ಮನೆಗಳಲ್ಲಿ ಅಗಲಿದವರ ಹೆಸರುಗಳು ಮತ್ತೆ ಕೇಳಿಬರುತ್ತವೆ. 2ನೇ ತಾರೀಖು ಸಕಲ ಮೃತ ವಿಶ್ವಾಸಿಗಳ ಸ್ಮರಣೆ. ಸಮಾಧಿಗೆ ಸುಣ್ಣ ಬಳಿಯುತ್ತೇವೆ, ಹೂವಿಡುತ್ತೇವೆ, ಮೇಣದ ಬತ್ತಿ ಹಚ್ಚುತ್ತೇವೆ, ಬಲಿಪೂಜೆ ಹೇಳಿಸುತ್ತೇವೆ. ಉಳಿದ ಹನ್ನೊಂದು ತಿಂಗಳು ಅವರ ನೆನಪು ಯಾರಿಗಾದರೂ ಉಪಯೋಗಕ್ಕೆ ಬರುವಂತೆ ಮಾಡಲಾದೀತೇ?

ಆಗುತ್ತದೆ. ನಮ್ಮ ಊರುಗಳಲ್ಲೇ ಅದಕ್ಕೊಂದು ಸರಳ ದಾರಿ ಇದೆ. ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಉಟಗಿಯಂಥ ಗಡಿಭಾಗದ ಊರುಗಳವರಿಗೆ ಅದು ಹೊಸದಲ್ಲ. ಈ ಭಾಗದಲ್ಲಿ ಬಸ್ ನಿಲ್ಲುವ ಕಡೆ, ಗುಡಿಯ ಅಂಗಳದಲ್ಲಿ, ಶಾಲೆಯ ಮುಂದೆ ಹಾಕಿಸಿದ ಸಿಮೆಂಟ್ ಬೆಂಚುಗಳ ಬೆನ್ನಿನ ಮೇಲೆ ತೀರಿಹೋದವರ ಹೆಸರು ಬರೆಸುತ್ತಾರೆ. ಹೆಸರಿನ ಕೆಳಗೆ ‘ಸ್ಮರಣಾರ್ಥ’ ಎಂಬ ಪದ. ಕನ್ನಡಕ್ಕೂ ಮರಾಠಿಗೂ ಅದು ಒಂದೇ. ಮನೆಯಲ್ಲಿ ಯಾವ ಮಾತಾಡಿದರೂ ದುಃಖಕ್ಕೆ ಭಾಷೆ ಬೇರೆಯಿಲ್ಲ.

ಹಿಂದಿನವರ ಹೊರೆಗಲ್ಲು

ತಲೆಹೊರೆ ಹೊತ್ತು ಸಂತೆಗೆ ನಡೆಯುತ್ತಿದ್ದ ಕಾಲದಲ್ಲಿ ದಾರಿಬದಿಯಲ್ಲಿ ಹೊರೆಗಲ್ಲುಗಳಿರುತ್ತಿದ್ದವು. ಎರಡು ನಿಂತ ಕಲ್ಲುಗಳ ಮೇಲೆ ಒಂದು ಅಡ್ಡ ಕಲ್ಲು, ಅಷ್ಟೇ. ಇನ್ನೊಬ್ಬರ ಸಹಾಯವಿಲ್ಲದೆ ಹೊರೆ ಇಳಿಸಿ, ದಣಿವಾರಿಸಿಕೊಂಡು, ಮತ್ತೆ ಹೊತ್ತು ನಡೆಯಬಹುದಿತ್ತು. ತಮಿಳುನಾಡಿನಲ್ಲಿ ಇದಕ್ಕೆ ‘ಸುಮೈತಾಂಗಿ’ ಎನ್ನುತ್ತಾರೆ. ಬಸಿರಿನಲ್ಲೇ ತೀರಿಕೊಂಡ ಹೆಣ್ಣುಮಕ್ಕಳ ನೆನಪಿಗೆ ಮನೆಯವರು ಇಂಥ ಕಲ್ಲು ನಿಲ್ಲಿಸುವ ರೂಢಿ ಅಲ್ಲಿತ್ತು. ಹೊರೆ ಇಳಿಸದೆ ಹೋದವಳ ಹೆಸರಿನಲ್ಲಿ ಬೇರೆಯವರ ಹೊರೆ ಇಳಿಯಲಿ ಎಂಬುದು ಅದರ ಹಿಂದಿನ ಭಾವ. ಇಂದಿನ ಸ್ಮಾರಕ ಬೆಂಚು ಈ ಹೊರೆಗಲ್ಲಿನ ತಂಗಿಯೇ ಸರಿ.

ಒಬ್ಬ ಮಡದಿಯ ನೆನಪು

ಕ್ಯಾನ್ಸರ್‌ನಿಂದ ಅಗಲಿದವರ ನೆನಪು ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ನಮ್ಮ ದೇಶದಲ್ಲೇ ಒಂದು ದೊಡ್ಡ ಉದಾಹರಣೆ ಇದೆ. 1879ರಲ್ಲಿ ಹುಟ್ಟಿದ ಮೆಹರ್‌ಬಾಯಿ ಭಾಭಾ ಬೆಳೆದದ್ದು ಕರ್ನಾಟಕದ ನೆಲದಲ್ಲಿ. ತಂದೆ ಮೈಸೂರು ಸಂಸ್ಥಾನದ ಶಿಕ್ಷಣ ಇಲಾಖೆಯಲ್ಲಿ ದೊಡ್ಡ ಅಧಿಕಾರಿ. 1898ರಲ್ಲಿ ಆಕೆ ದೊರಾಬ್ಜಿ ಟಾಟಾ ಅವರನ್ನು ಮದುವೆಯಾದರು. ಹೆಣ್ಣುಮಕ್ಕಳ ವಿದ್ಯೆಗಾಗಿ, ಬಾಲ್ಯವಿವಾಹದ ವಿರುದ್ಧ ದುಡಿದರು. 1931ರಲ್ಲಿ ರಕ್ತದ ಕ್ಯಾನ್ಸರ್‌ನಿಂದ ತೀರಿಕೊಂಡರು.

ಮಕ್ಕಳಿಲ್ಲದ ದೊರಾಬ್ಜಿ, ಮಡದಿಯ ಹೆಸರಿನಲ್ಲಿ ಈ ರೋಗದ ಸಂಶೋಧನೆಗೆಂದೇ ಒಂದು ಟ್ರಸ್ಟ್ ಸ್ಥಾಪಿಸಿದರು. 1932ರಲ್ಲಿ ಅವರೂ ಕಣ್ಮುಚ್ಚಿದರು. ಅವರು ಬಿಟ್ಟುಹೋದ ಇನ್ನೊಂದು ಟ್ರಸ್ಟಿನ ಹಣದಿಂದ 1941ರ ಫೆಬ್ರವರಿ 28ರಂದು ಮುಂಬಯಿಯ ಪರೇಲ್‌ನಲ್ಲಿ ಟಾಟಾ ಮೆಮೋರಿಯಲ್ ಆಸ್ಪತ್ರೆ ತೆರೆಯಿತು. ‘ಮೆಮೋರಿಯಲ್’ ಎಂದರೆ ಸ್ಮಾರಕ. ‘ಟಾಟಾಕ್ಕೆ ಹೋಗ್ಬೇಕು ಅಂದ್ರು’ ಎಂದು ಹೇಳುವ ನಾವು, ಆ ಹೆಸರಿನಲ್ಲೇ ಒಬ್ಬ ಹೆಣ್ಣುಮಗಳ ನೆನಪಿದೆ ಎಂಬುದನ್ನು ಮರೆತಿದ್ದೇವೆ.

ನಮಗೆ ಆಸ್ಪತ್ರೆ ಕಟ್ಟಿಸುವ ಶಕ್ತಿಯಿಲ್ಲ. ಆದರೆ ಆಸ್ಪತ್ರೆಗೆ ಹೊರಟವರು ಬಸ್ಸಿಗೆ ಕಾಯುವಾಗ ಕೂರಲು ಒಂದು ಜಾಗ ಮಾಡಿಕೊಡಬಲ್ಲೆವು. ವಿಕಿರಣ ಚಿಕಿತ್ಸೆಯನ್ನು ಸಾಮಾನ್ಯವಾಗಿ ವಾರಕ್ಕೆ ಐದು ದಿನದಂತೆ ಹಲವು ವಾರ ಕೊಡುತ್ತಾರೆ. ಕಿಮೋ ಆದವರಿಗೆ ಹತ್ತು ಹೆಜ್ಜೆ ನಡೆದರೂ ಸುಸ್ತು. ಅವರು ನೆಲದಲ್ಲಿ ಕುಕ್ಕರಗಾಲಿನಲ್ಲಿ ಕೂತು, ಮತ್ತೆ ಏಳಲಾಗದೆ ಒದ್ದಾಡುವುದನ್ನು ಕಂಡವರಿಗೆ ಬೆಂಚಿನ ಬೆಲೆ ಗೊತ್ತು.

ಹಾಕಿಸುವ ಮುನ್ನ

ಮೊದಲು ಜಾಗ. ಚರ್ಚಿನ ಆವರಣವಾದರೆ ಗುರುಗಳನ್ನು ಕೇಳಿ. ಊರಿನ ಜಾಗವಾದರೆ ಗ್ರಾಮ ಪಂಚಾಯಿತಿಗೆ ಅರ್ಜಿ ಕೊಟ್ಟು ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಜನ ನಿಂತು ಕಾಯುವ ಜಾಗವೇ ಬೆಂಚಿಗೆ ಸರಿಯಾದ ಜಾಗ. ಜತ್ತದ ಸೀಮೆ ಬರದ ಸೀಮೆ, ಬಿಸಿಲು ಜಾಸ್ತಿ. ನೆರಳಿಲ್ಲದ ಕಡೆ ಮಧ್ಯಾಹ್ನ ಕಲ್ಲು ಹೆಂಚಿನಂತೆ ಕಾಯುತ್ತದೆ. ಆದ್ದರಿಂದ ಬೇವಿನ ಮರದ ಕೆಳಗೆ ಹಾಕಿಸಿ. ಮರ ಇಲ್ಲದಿದ್ದರೆ ಬೆಂಚಿನ ಜೊತೆಗೇ ಒಂದು ಸಸಿ ನೆಡಿ.

ಎತ್ತರ ಸುಮಾರು ಒಂದೂವರೆ ಅಡಿ ಇರಲಿ. ಬೆನ್ನಿಗೆ ಆಸರೆ ಬೇಕು, ಎರಡೂ ಬದಿಗೆ ಕೈಯೂರುವ ಹಿಡಿ ಬೇಕು. ವಯಸ್ಸಾದವರು, ರೋಗಿಗಳು ಏಳುವುದು ಕೈಬಲದಿಂದಲೇ. ಬಣ್ಣದ ಬರಹ ಮಳೆಬಿಸಿಲಿಗೆ ಅಳಿಸುತ್ತದೆ, ಕೆತ್ತಿಸಿದರೆ ಉಳಿಯುತ್ತದೆ. ದಾನಿಗಳ ಹೆಸರಿನ ಪಟ್ಟಿ ಬೇಡ. ಅಗಲಿದವರ ಹೆಸರು, ಹುಟ್ಟಿದ ಮತ್ತು ತೀರಿದ ವರ್ಷ, ‘ದಣಿದವರು ಕುಳಿತುಕೊಳ್ಳಿ’ ಎಂಬ ಒಂದು ಮಾತು ಸಾಕು.

ಖರ್ಚಿನ ವಿಷಯದಲ್ಲಿ ಎಚ್ಚರ. ಕ್ಯಾನ್ಸರ್ ಬಂದ ಮನೆ ಮೊದಲೇ ಸಾಲದಲ್ಲಿರುತ್ತದೆ. ಬೆಂಚಿಗಾಗಿ ಮತ್ತೆ ಸಾಲ ಮಾಡಬಾರದು. ವರ್ಷದ ಪೂಜೆಯ ದಿನದ ದೊಡ್ಡ ಊಟ ಕಡಿಮೆ ಮಾಡಿದರೂ ಆದೀತು, ನಾಲ್ಕು ಮನೆ ಸೇರಿ ನಾಲ್ಕು ಹೆಸರಿನಲ್ಲಿ ಒಂದು ಬೆಂಚು ಹಾಕಿಸಿದರೂ ಆದೀತು.

ಮುಚ್ಚಿಟ್ಟ ಹೆಸರು

ಇನ್ನೊಂದು ಮಾತು. ನಮ್ಮ ಮನೆಗಳಲ್ಲಿ ಈ ರೋಗದ ಹೆಸರನ್ನೇ ಹೇಳುವುದಿಲ್ಲ. ‘ಆ ರೋಗ’ ಎಂದು ದನಿ ತಗ್ಗಿಸುತ್ತೇವೆ. ಮಗಳ ಮದುವೆಗೆ ಅಡ್ಡಿಯಾದೀತು ಎಂಬ ಭಯ, ಪಾಪದ ಫಲ ಎನ್ನುವ ಬಾಯಿಗಳ ಭಯ. ಕ್ಯಾನ್ಸರ್ ಮುಟ್ಟಿದರೆ ಅಂಟುವ ರೋಗವಲ್ಲ, ದೇವರ ಶಿಕ್ಷೆಯೂ ಅಲ್ಲ. ಮುಚ್ಚಿಟ್ಟಷ್ಟೂ ವೈದ್ಯರ ಬಳಿ ಹೋಗುವುದು ತಡವಾಗುತ್ತದೆ. ಬಾಯಲ್ಲಿ ಮಾಯದ ಹುಣ್ಣು, ಎದೆಯಲ್ಲಿ ಗಂಟು, ಮುಟ್ಟು ನಿಂತ ಮೇಲೆ ರಕ್ತಸ್ರಾವ, ಇವು ಕಂಡರೆ ಕಾಯಬಾರದು. ಮಹಾರಾಷ್ಟ್ರದಲ್ಲಿ 2012ರಲ್ಲಿ ಗುಟ್ಕಾ ನಿಷೇಧವಾಯಿತು. ಆದರೆ ತಂಬಾಕು ತಿನ್ನುವ ಚಟ ಕಾಯ್ದೆಯಿಂದಲೇ ಬಿಡುವಂಥದ್ದಲ್ಲ, ಮನೆಯವರೂ ಹೇಳಬೇಕು.

ಬೆಂಚಿನ ಮೇಲೆ ಕುಳಿತ ಅಪರಿಚಿತರು ‘ಇವರಿಗೆ ಏನಾಗಿತ್ತು?’ ಎಂದು ಕೇಳಿದರೆ, ಮನೆಯವರು ದನಿ ತಗ್ಗಿಸದೆ ಉತ್ತರ ಹೇಳಲಿ. ಆ ಮಾತು ಕೇಳಿದ ಒಬ್ಬರಾದರೂ ಹೊತ್ತಿಗೆ ಸರಿಯಾಗಿ ಆಸ್ಪತ್ರೆಗೆ ಹೋದರೆ, ಆ ಬೆಂಚು ತನ್ನ ಕೆಲಸ ಮಾಡಿದಂತೆ. ಈ ನವೆಂಬರಿನಲ್ಲಿ ಸಮಾಧಿಯ ಮೇಲೆ ಹೂವಿಟ್ಟು ಬಂದ ಮೇಲೆ, ಮನೆಮಂದಿಯೆಲ್ಲ ಕೂತು ಇದನ್ನು ಒಮ್ಮೆ ಮಾತಾಡಿಕೊಳ್ಳಿ.