ಗ್ರಾಮದ ಯೋಗಕ್ಷೇಮ

ಯೋಗಕ್ಷೇಮವೆಂಬ ಶಬ್ದವನ್ನು ನಾವು ಕಾಗದ ಬರೆಯುವಾಗಲೆಲ್ಲ ಉಪಯೋಗಿಸುತ್ತ ಬಂದಿದ್ದರೂ ಅದರಲ್ಲಿ ಎರಡು ಬೇರೆ ಬೇರೆ ಅರ್ಥಗಳು ಅಡಗಿರುವುವೆಂಬುದು ಅನೇಕರ ಲಕ್ಷ್ಯಕ್ಕೆ ಬಂದಿರಲಾರದು. ಇಲ್ಲದುದನ್ನು ಸಂಪಾದಿಸುವುದು ಯೋಗ; ಸಂಪಾದಿಸಿದುದನ್ನು ಕೆಡದಂತೆ ಕಾಪಾಡಿಕೊಳ್ಳುವುದು ಕ್ಷೇಮ. ಸಂಸಾರ ನಡೆಸುವ ಗೃಹಸ್ಥನಿಗೆ ಈ ಭೇದವನ್ನು ಬೋಧಿಸಬೇಕಾದುದಿಲ್ಲ. ಮನೆ ಕಟ್ಟಿಸುವುದು ಒಂದು ಸಲದ ಸಾಹಸ. ವರ್ಷವರ್ಷವೂ ಮಳೆಗಾಲಕ್ಕೆ ಮುಂಚೆ ಹೆಂಚು ಸರಿಮಾಡಿಸುವುದು ಜೀವಮಾನದ ಕೆಲಸ. ಆದರೆ ನಮ್ಮ ಗ್ರಾಮಗಳ ಆಡಳಿತವನ್ನು ಉತ್ತಮಪಡಿಸುವ ವಿಚಾರದಲ್ಲಿ ಯೋಗದ ಮಾತು ಹೇರಳವಾಗಿಯೂ ಕ್ಷೇಮದ ಮಾತು ಅತಿ ವಿರಳವಾಗಿಯೂ ಕೇಳಬರುತ್ತದೆ.

ಕಾನೂನಿನ ಕೊರತೆಯಿದೆಯೆಂದು ಯಾರೂ ಹೇಳುವಂತಿಲ್ಲ. 1959ರ ಕಾಯಿದೆಯ ತರುವಾಯ 1983ರ ಕಾಯಿದೆ ಬಂದಿತು. ಅದರಂತೆ 1987ರಲ್ಲಿ ಮಂಡಲ ಪಂಚಾಯತಿಗಳಿಗೂ ಜಿಲ್ಲಾ ಪರಿಷತ್ತುಗಳಿಗೂ ಚುನಾವಣೆಗಳು ನಡೆದುವು. ಸಂವಿಧಾನದ 73ನೆಯ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂದು, ಪಂಚಾಯತಿಗಳಿಗೆ ವಹಿಸಬಹುದಾದ 29 ವಿಷಯಗಳ ಪಟ್ಟಿಯನ್ನು ಕೊಟ್ಟಿತು. ಅದೇ ವರ್ಷ ಕರ್ನಾಟಕದ ಪಂಚಾಯತ್ ರಾಜ್ ಕಾಯಿದೆಯೂ ಹುಟ್ಟಿತು. ಇಷ್ಟೆಲ್ಲ ಆದ ಮೇಲೆಯೂ ಬೀದಿಯ ದೀಪ ಕೆಟ್ಟರೆ ತಿಂಗಳುಗಟ್ಟಲೆ ಕತ್ತಲೆಯಲ್ಲಿ ನಡೆಯುವುದು ತಪ್ಪಲಿಲ್ಲವಷ್ಟೆ.

ನೀರಿನ ಸಂಗತಿಯನ್ನೇ ತೆಗೆದುಕೊಳ್ಳೋಣ. 1983ರ ಕಾಯಿದೆಯ ಹಿಂದಿನ ಪ್ರೇರಕ ಶಕ್ತಿಯಾಗಿದ್ದ ಸಚಿವ ಅಬ್ದುಲ್ ನಜೀರ್ ಸಾಬರು ಬರಗಾಲದಲ್ಲಿ ಹಳ್ಳಿಹಳ್ಳಿಗೂ ಕೊಳವೆಬಾವಿಗಳನ್ನು ಕೊರೆಯಿಸಿದರು. ಜನರು ಅವರನ್ನು ಪ್ರೀತಿಯಿಂದ ‘ನೀರ್ ಸಾಬ್’ ಎಂದು ಕರೆದರು. ಮಂತ್ರಿಯೊಬ್ಬನಿಗೆ ಇದಕ್ಕಿಂತ ದೊಡ್ಡ ಬಿರುದು ಯಾವುದು? ಕಾಲಾನಂತರದಲ್ಲಿ ಬಾವಿಗಳ ಆಳ ಹೆಚ್ಚಿತು. ಕೋಲಾರ, ತುಮಕೂರು ಮೊದಲಾದ ಬಯಲುಸೀಮೆಯ ಭಾಗಗಳಲ್ಲಿ ನೀರಿನಲ್ಲಿ ಫ್ಲೋರೈಡಿನ ಅಂಶ ಹೆಚ್ಚಾಗಿ, ಹಲ್ಲು ಮೂಳೆಗಳಿಗೆ ಬಾಧೆ ತಟ್ಟಿತು. ಅದಕ್ಕೆ ಪರಿಹಾರವಾಗಿ ಊರೂರಿಗೆ ಶುದ್ಧ ನೀರಿನ ಘಟಕಗಳು ಬಂದುವು. ನಾಣ್ಯ ಹಾಕಿದರೆ ಕೊಡ ತುಂಬುತ್ತಿತ್ತು. ಇವುಗಳಲ್ಲಿ ಅನೇಕವು ಈಗ ಬಾಗಿಲು ಮುಚ್ಚಿ ತುಕ್ಕು ಹಿಡಿದು ನಿಂತಿರುವುದನ್ನು ಆ ಕಡೆ ಸಂಚರಿಸುವ ಯಾರಾದರೂ ನೋಡಬಹುದು. ಕೆಟ್ಟುದು ಬಹಳ ದೊಡ್ಡ ಯಂತ್ರವೇನಲ್ಲ; ಕಾಲಕಾಲಕ್ಕೆ ಬದಲಾಯಿಸಬೇಕಾದ ಸೋಸುವ ಪೊರೆಯನ್ನು ಬದಲಾಯಿಸುವವರಿಲ್ಲದೆ ಹೋಯಿತು, ಅಷ್ಟೆ. ಕಟ್ಟಿಸಲು ಹಣವಿತ್ತು, ಉದ್ಘಾಟನೆಗೆ ಜನರಿದ್ದರು, ಕಲ್ಲಿನ ಮೇಲೆ ಹೆಸರುಗಳಿದ್ದುವು. ಪೊರೆ ಬದಲಾಯಿಸಿದವನ ಹೆಸರನ್ನು ಕಲ್ಲಿನಲ್ಲಿ ಕೆತ್ತಿದುದನ್ನು ನಾನಂತೂ ಕಂಡಿಲ್ಲ.

2019ರಲ್ಲಿ ಆರಂಭವಾದ ಜಲ ಜೀವನ ಯೋಜನೆಯಿಂದ ಮನೆಮನೆಗೆ ನಲ್ಲಿ ಹಾಕುವ ಕಾರ್ಯ ನಡೆದಿದೆ. ಕೊಳವೆ ಹೂತ ಮೇಲೆ ಅದನ್ನು ನಡೆಸುವ ಹೊಣೆ ಪಂಚಾಯತಿಯದು. ನೀರು ಬಿಡುವ ನೀರುಗಂಟಿಯ ಸಂಬಳ, ಪಂಪಿನ ವಿದ್ಯುಚ್ಛಕ್ತಿಯ ಬಾಬತು, ಒಡೆದ ಕೊಳವೆಯ ದುರಸ್ತಿ, ಇವೆಲ್ಲ ತಿಂಗಳು ತಿಂಗಳೂ ತಪ್ಪದೆ ಬರುವ ಖರ್ಚುಗಳು. ಇದಕ್ಕೆ ಹಣವೆಲ್ಲಿಂದ? ಮೇಲಿನಿಂದ ಬರುವ ಅನುದಾನಕ್ಕೆ ಬಹುಮಟ್ಟಿಗೆ ಮೊದಲೇ ಹಗ್ಗ ಕಟ್ಟಿರುತ್ತದೆ. 15ನೆಯ ಹಣಕಾಸು ಆಯೋಗವು 2021ರಿಂದ 2026ರ ವರೆಗಿನ ಅವಧಿಗೆ ಗ್ರಾಮೀಣ ಸಂಸ್ಥೆಗಳಿಗೆ ಕೊಟ್ಟ ಅನುದಾನದಲ್ಲಿ ನೂರಕ್ಕೆ 60 ಪಾಲು ನೀರು, ನೈರ್ಮಲ್ಯಗಳಿಗೆಂದೇ ಮೀಸಲಾಗಿತ್ತು. ಊರಿನವರು ಸ್ವತಂತ್ರವಾಗಿ ವಿನಿಯೋಗಿಸಬಹುದಾದ ಹಣವೆಂದರೆ ಮುಖ್ಯವಾಗಿ ತಮ್ಮದೇ ಕಂದಾಯ. ಸಾಗುವಳಿಯ ಭೂಮಿಯ ಮೇಲೆ ಪಂಚಾಯತಿ ತೆರಿಗೆ ಹಾಕುವಂತಿಲ್ಲವಾದುದರಿಂದ ಮನೆಯ ಕಂದಾಯ, ನೀರಿನ ದರಗಳೇ ಅದಕ್ಕೆ ಆಧಾರ.

ಇಲ್ಲಿಯೇ ನಿಜವಾದ ತೊಡಕು. ಸಾಮಾನ್ಯವಾಗಿ ಐದರಿಂದ ಏಳು ಸಾವಿರ ಜನರಿಗೆ ಒಂದು ಪಂಚಾಯತಿ, 400 ಜನರಿಗೆ ಒಬ್ಬ ಸದಸ್ಯ ಎಂಬುದು ಕಾಯಿದೆಯ ಏರ್ಪಾಡು. ನಾನೂರು ಜನರೆಂದರೆ ಎರಡು ಬೀದಿ. ಅವರಲ್ಲಿ ಅರ್ಧ ಮಂದಿ ನೆಂಟರು, ಉಳಿದವರು ನೆರೆಯವರು. ಹತ್ತಾರು ಮತಗಳ ಅಂತರದಿಂದ ಗೆದ್ದು ಬಂದ ಸದಸ್ಯನು ತನ್ನ ಸೋದರಮಾವನ ಬಾಗಿಲಿಗೆ ಹೋಗಿ ‘ಮೂರು ವರ್ಷದ ಬಾಕಿ ಕಟ್ಟು ಮಾವ’ ಎಂದು ಹೇಳಬಲ್ಲನೆ? ಗ್ರಾಮಾಡಳಿತದ ಗುಣವೆಂದು ನಾವು ಹೊಗಳುವ ಸಾಮೀಪ್ಯವೇ ಇಲ್ಲಿ ಅದರ ಕೈಕಟ್ಟುತ್ತದೆ. ಸಂಸ್ಕೃತದಲ್ಲಿ ತೆರಿಗೆಗೂ ಕೈಗೂ ‘ಕರ’ವೆಂಬ ಒಂದೇ ಶಬ್ದ, ಕರವಿಲ್ಲದ ಪಂಚಾಯತಿ ಕೈಯಿಲ್ಲದ ಪಂಚಾಯತಿ ಎಂದರೆ ಶ್ಲೇಷೆಯೂ ಆಯಿತು, ಸತ್ಯವೂ ಆಯಿತು.

‘ನಲ್ಲಿಯಲ್ಲಿ ನೀರೇ ಬರುವುದಿಲ್ಲ, ಕಂದಾಯವೇತಕ್ಕೆ?’ ಎಂದು ಗೃಹಸ್ಥರು ಕೇಳುವುದುಂಟು. ಪ್ರಶ್ನೆ ನ್ಯಾಯವಾದುದೇ. ಆದರೆ ಕಟ್ಟದವನಿಗೆ ಲೆಕ್ಕ ಕೇಳುವ ಧೈರ್ಯ ಬರುವುದಿಲ್ಲ. ಲೆಕ್ಕ ಕೇಳದೆ ಹೋದಲ್ಲಿ ನೀರು ಬರುವುದಿಲ್ಲ. ಈ ಚಕ್ರವನ್ನು ಎಲ್ಲಿಯಾದರೂ ಒಂದು ಕಡೆ ಮುರಿಯಬೇಕಷ್ಟೆ. ಲೆಕ್ಕದ ಕಡೆಯಿಂದ ಮುರಿಯುವುದು ಸುಲಭವೆಂದು ನನ್ನ ಅಭಿಪ್ರಾಯ. ತಮಿಳುನಾಡಿನ ಉತ್ತರಮೇರೂರಿನಲ್ಲಿ ಹತ್ತನೆಯ ಶತಮಾನದ ಚೋಳರ ಶಾಸನವಿದೆ. ಓಲೆಯಲ್ಲಿ ಹೆಸರು ಬರೆದು ಗಡಿಗೆಯೊಳಗೆ ಹಾಕಿ, ಬಾಲಕನೊಬ್ಬನಿಂದ ಎತ್ತಿಸಿ ಸಭೆಯ ಸಮಿತಿಗಳನ್ನು ಆರಿಸುತ್ತಿದ್ದರು. ಹಿಂದೆ ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವನ ಹೆಸರನ್ನು ಗಡಿಗೆಗೆ ಹಾಕಕೂಡದು. ಅವನ ಹತ್ತಿರದ ಬಂಧುಗಳದನ್ನೂ ಹಾಕಕೂಡದು! ಆ ಸಭೆಯಲ್ಲಿ ಸ್ತ್ರೀಯರಿಗೂ ಭೂಮಿಯಿಲ್ಲದವರಿಗೂ ಸ್ಥಾನವಿರಲಿಲ್ಲವಾದಕಾರಣ ಅದನ್ನು ಆದರ್ಶವೆಂದು ಹಾಡಿಹೊಗಳುವವನು ನಾನಲ್ಲ. ಲೆಕ್ಕದ ವಿಷಯದಲ್ಲಿ ಮಾತ್ರ ಅವರ ಕಟ್ಟುನಿಟ್ಟು ನಮಗಿಂತ ಹೆಚ್ಚಿನದು.

ನಮ್ಮಲ್ಲಿಯೂ ಉಪಾಯವಿಲ್ಲದಿಲ್ಲ. ಗ್ರಾಮಸಭೆಯನ್ನು ಆರು ತಿಂಗಳಿಗೊಮ್ಮೆಯಾದರೂ ಕರೆಯಬೇಕು. ವರ್ಷಕ್ಕೊಮ್ಮೆ ಜಮಾಬಂದಿ ನಡೆದು ಲೆಕ್ಕಗಳೂ ಕಾಮಗಾರಿಗಳೂ ಬಹಿರಂಗವಾಗಿ ಪರಿಶೀಲಿತವಾಗಬೇಕು. ಸಭೆಯಲ್ಲಿ ಆಗುವುದೇನೆಂದರೆ, ಮುಂದಿನ ವರ್ಷದ ಕ್ರಿಯಾಯೋಜನೆಗೆ ತನ್ನ ಬೀದಿಯ ಚರಂಡಿ, ತನ್ನ ಹೊಲದ ದಾರಿ ಸೇರಬೇಕೆಂದು ಎಲ್ಲರೂ ಒಟ್ಟಿಗೆ ಕೂಗುತ್ತಾರೆ. ಹೋದ ವರ್ಷದ ಚರಂಡಿ ಏನಾಯಿತೆಂದು ಕೇಳುವವರಿಲ್ಲ. ಅಭಿವೃದ್ಧಿ ಅಧಿಕಾರಿಗೆ ಒಂದಕ್ಕಿಂತ ಹೆಚ್ಚು ಪಂಚಾಯತಿಗಳ ಹೊರೆ ಬಿದ್ದಿದ್ದರೆ ಅವನು ಗಡಿಯಾರ ನೋಡುತ್ತಾನೆ. ಸಹಿಗಳಾಗುತ್ತವೆ, ಸಭೆ ಮುಗಿಯುತ್ತದೆ.

ಕೇಳಬಲ್ಲವರು ಯಾರೆಂದರೆ, ದಿನಾಲು ಕೊಡ ಹಿಡಿದು ಕಾಯುವ ಹೆಂಗಸರು. 2010ರ ತಿದ್ದುಪಡಿಯಿಂದ ಪಂಚಾಯತಿಯ ಅರ್ಧ ಸ್ಥಾನಗಳು ಸ್ತ್ರೀಯರಿಗೆ ಮೀಸಲಾಗಿವೆ. ಅಧ್ಯಕ್ಷೆಯ ಕುರ್ಚಿಯ ಪಕ್ಕದಲ್ಲಿ ಆಕೆಯ ಯಜಮಾನರು ಕುಳಿತು ಉತ್ತರ ಹೇಳುವ ಪದ್ಧತಿ ಮಾತ್ರ ಇನ್ನೂ ಎಲ್ಲೆಡೆಯೂ ಅಳಿದಿಲ್ಲ. ಸಭೆಯನ್ನು ಬೆಳಗ್ಗೆ ಹನ್ನೊಂದು ಗಂಟೆಗೆ ಕರೆದರೆ ಕೂಲಿಗೆ ಹೋಗುವ ಹೆಂಗಸು ಒಂದು ದಿನದ ಕೂಲಿ ಬಿಟ್ಟು ಬರಬೇಕು. ಸಂಜೆ ದೀಪ ಹಚ್ಚುವ ಹೊತ್ತಿಗೆ, ಪಂಚಾಯತಿ ಕಚೇರಿಯ ಬದಲು ಕೇರಿಯ ನಡುವಿನ ಕಟ್ಟೆಯ ಬಳಿ ಸೇರಿಸಲಿ. ಮೊದಲು ಹೋದ ವರ್ಷದ ಜಮೆ, ಖರ್ಚು, ಯಾವ ಬೀದಿಯ ಕಂದಾಯ ಎಷ್ಟು ಬಂದಿತು, ಎಷ್ಟು ಬಾಕಿ, ಆ ಬೀದಿಯ ದುರಸ್ತಿಗೆ ಎಷ್ಟು ಹೋಯಿತು ಎಂಬುದನ್ನು ಗಟ್ಟಿಯಾಗಿ ಓದಲಿ. ಸದಸ್ಯನು ಸೋದರಮಾವನ ಬಾಗಿಲಿಗೆ ಹೋಗಲಾರದಿದ್ದರೆ ಬೇಡ. ಆ ಓದನ್ನು ಮಾವನೂ ಕಟ್ಟೆಯ ಮೇಲೆ ಕುಳಿತು ಕೇಳುತ್ತಿರುತ್ತಾನೆ.