ಆರು ಚುಕ್ಕಿಗಳ ಅಚ್ಚರಿ

ಕೆಟ್ಟುಹೋಗಿ 21 ವರ್ಷವಾಗಿದ್ದ ಉಪಗ್ರಹವೊಂದು ಮತ್ತೆ ಮಾತಾಡಿತು!

ಕಟ್ಟುಕಥೆಯಲ್ಲ, ನಡೆದದ್ದು! 2002ರ ಜೂನ್ 21. ಇಂಗ್ಲೆಂಡಿನಲ್ಲಿ ಹವ್ಯಾಸಿ ರೇಡಿಯೊ ನಡೆಸುವ ಒಬ್ಬರು, ಅಂದರೆ ಒಬ್ಬ ‘ಹ್ಯಾಮ್’, ರಿಸೀವರ್ ತಿರುಗಿಸುತ್ತಿದ್ದರು. ಆಕಾಶದಿಂದ ಸಣ್ಣದೊಂದು ಸದ್ದು ಬಂತು. ಡಿ-ಡಿ-ಡಿ-ಡಿಟ್, ಡಿ-ಡಿಟ್. ಬೆನ್ನಿಗೇ ಅಂಕಿಗಳ ಸಾಲು. ಮತ್ತೆ ಅದೇ ಡಿ-ಡಿ-ಡಿ-ಡಿಟ್, ಡಿ-ಡಿಟ್!

ಯಾರಪ್ಪಾ ಇದು?

ಆಸ್ಕರ್-7! 1974ರ ನವೆಂಬರ್ 15ರಂದು ಮೇಲೇರಿದ ಹ್ಯಾಮ್ ಉಪಗ್ರಹ. 1981ರಲ್ಲಿ ಬ್ಯಾಟರಿ ಶಾರ್ಟ್ ಆಗಿ ಅದರ ದನಿ ನಿಂತಿತ್ತು. ಎಲ್ಲರೂ ಎಳ್ಳುನೀರು ಬಿಟ್ಟಾಗಿತ್ತು.

ಆಮೇಲೆ ಏನಾಯಿತು ನೋಡಿ! ಶಾರ್ಟ್ ಆಗಿದ್ದ ಬ್ಯಾಟರಿಯ ಸಂಪರ್ಕವೇ ಕಡಿದುಹೋಯಿತು. ಅಡ್ಡ ನಿಂತಿದ್ದದ್ದು ತಾನಾಗಿ ತೊಲಗಿತು! ಸೌರಫಲಕದ ವಿದ್ಯುತ್ ನೇರವಾಗಿ ರೇಡಿಯೊಗೆ ಹರಿಯಿತು. ಅಂದಿನಿಂದ ಬಿಸಿಲು ಬಿದ್ದರೆ ಎಚ್ಚರ, ಭೂಮಿಯ ನೆರಳಿಗೆ ಹೊಕ್ಕರೆ ನಿದ್ದೆ. 2024ರ ನವೆಂಬರ್‌ನಲ್ಲಿ ಅದು ಮೇಲೇರಿ ಭರ್ತಿ 50 ವರ್ಷವಾಯಿತು!

ಅದು ಆಡಿದ ಭಾಷೆ? ಮೋರ್ಸ್! ಇಂಗ್ಲಿಷಿನ ‘ಎಚ್’ ಎಂದರೆ ನಾಲ್ಕು ಚುಕ್ಕಿ, ‘ಐ’ ಎಂದರೆ ಎರಡು ಚುಕ್ಕಿ. ಒಟ್ಟು ಆರು ಚುಕ್ಕಿ. ‘ಹಾಯ್!’

ಮೋರ್ಸ್ ಎಂದೋ ಮಣ್ಣಾಗಿಲ್ಲವೇ ಅನ್ನುತ್ತೀರಾ? ಹಾಗೆಂದುಕೊಂಡವರು ನೀವೊಬ್ಬರೇ ಅಲ್ಲ!

1999ರ ಫೆಬ್ರುವರಿ 1. ಹಡಗುಗಳ ತುರ್ತು ಕರೆಗೆ ಉಪಗ್ರಹದ ಹೊಸ ವ್ಯವಸ್ಥೆ ಪೂರ್ತಿಯಾಗಿ ಜಾರಿಗೆ ಬಂತು. ಸಮುದ್ರದ ಮೇಲೆ ಮೋರ್ಸ್‌ನ ಕೆಲಸ ಮುಗಿಯಿತು.

2003. ಹ್ಯಾಮ್ ಪರವಾನಗಿಗೆ ಮೋರ್ಸ್ ಕಡ್ಡಾಯವಲ್ಲ ಎಂದು ಅಂತರರಾಷ್ಟ್ರೀಯ ರೇಡಿಯೊ ಸಮ್ಮೇಳನ ತೀರ್ಮಾನಿಸಿತು. ಬೇಕಾದ ದೇಶ ಇಟ್ಟುಕೊಳ್ಳಲಿ, ಬೇಡವಾದದ್ದು ಬಿಡಲಿ!

2007ರ ಫೆಬ್ರುವರಿ 23. ಅಮೆರಿಕ ಆ ಪರೀಕ್ಷೆಯನ್ನು ತೆಗೆದೇಹಾಕಿತು.

ಈಗ ಊಹಿಸಿ! ಬಹಳಷ್ಟು ಕಡೆ ಪರೀಕ್ಷೆ ಇಲ್ಲ, ಸಂಬಳ ಇಲ್ಲ, ಕಡ್ಡಾಯ ಇಲ್ಲ. ಇನ್ನು ಯಾರು ಕಲಿಯುತ್ತಾರೆ?

ಸಾವಿರ ಸಾವಿರ ಜನ!

ಕೈಯಿಂದ ಒತ್ತುವ ಹಳೇ ಕಾಲದ ಕೀ ಬಳಸುವವರಿಗೆಂದೇ 2006ರಲ್ಲಿ ‘ಸ್ಟ್ರೇಟ್ ಕೀ ಸೆಂಚುರಿ ಕ್ಲಬ್’ ಹುಟ್ಟಿತು. ಅದು ಹಂಚಿದ ಸದಸ್ಯ ಸಂಖ್ಯೆ 20,000 ದಾಟಿ ಬಹಳ ಕಾಲವಾಯಿತು! 2010ರಲ್ಲಿ ಹುಟ್ಟಿದ ‘ಸಿಡಬ್ಲ್ಯೂ ಆಪ್ಸ್’ ಕ್ಲಬ್‌ನವರು ಆನ್‌ಲೈನಿನಲ್ಲಿ ಮೋರ್ಸ್ ಪಾಠ ನಡೆಸುತ್ತಾರೆ. ಶುಲ್ಕ ಎಷ್ಟು? ಸೊನ್ನೆ! 2014ರಲ್ಲಿ ಜರ್ಮನಿ ಮೋರ್ಸ್ ತಂತಿವಿದ್ಯೆಯನ್ನು ತನ್ನ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಿತು.

ಇಷ್ಟೊಂದು ಮೋಹ ಯಾಕೆ? ಇಲ್ಲಿದೆ ಗುಟ್ಟು!

ರೇಡಿಯೊದಲ್ಲಿ ಮನುಷ್ಯನ ಮಾತು ಕಳಿಸಲು ಹ್ಯಾಮ್‌ಗಳಿಗೆ ಸುಮಾರು 2,500 ಹರ್ಟ್ಸ್ ಅಗಲದ ದಾರಿ ಬೇಕು. ಮೋರ್ಸ್‌ಗೆ ಎಷ್ಟು ಬೇಕು? ಒಂದು ಸಾವಿರ? ಐನೂರು? ಇನ್ನೂ ಇಳಿಯಿರಿ!

ಸುಮಾರು 150 ಸಾಕು!

ದಾರಿ ಕಿರಿದಾದಷ್ಟೂ ಅದರೊಳಗೆ ನುಗ್ಗುವ ಗದ್ದಲ ಕಡಿಮೆ. ಜಾತ್ರೆಯ ಗಲಾಟೆಯಲ್ಲಿ ಪಕ್ಕದವರ ಮಾತು ಕಿವಿಗೆ ಬೀಳದಿದ್ದರೂ ದೂರದ ಪೀಪಿಯ ದನಿ ಕೇಳಿಸುತ್ತದಲ್ಲ, ಹಾಗೆ! ಟ್ರಾನ್ಸ್‌ಮಿಟರಿನ ಶಕ್ತಿಯೆಲ್ಲ ಒಂದೇ ಒಂದು ಸ್ವರದಲ್ಲಿ ಸೇರಿಕೊಂಡಿರುತ್ತದೆ. ಅದು ಉಂಟು, ಇಲ್ಲ, ಉಂಟು, ಇಲ್ಲ. ಅಷ್ಟೇ! ಕೇಳುವ ಕಿವಿ ಹಿಡಿಯಬೇಕಾದ್ದೂ ಅಷ್ಟೇ!

ಇದರ ಫಲ ನೋಡಿ. ಹ್ಯಾಮ್‌ಗಳಲ್ಲಿ ‘ಕ್ಯೂಆರ್‌ಪಿ’ ಎಂಬ ಒಂದು ಪಂಗಡವಿದೆ. ಅವರು ಮೋರ್ಸ್‌ಗೆ ಹಾಕಿಕೊಂಡಿರುವ ಮಿತಿ 5 ವ್ಯಾಟ್. ಅದಕ್ಕೂ ಕೆಳಗೆ ಇಳಿಯುವವರಿದ್ದಾರೆ! ಪ್ರತಿ ವ್ಯಾಟ್‌ಗೆ 1,000 ಮೈಲಿ, ಅಂದರೆ 1,600 ಕಿಲೋಮೀಟರ್, ದೂರ ಮುಟ್ಟಿದವರಿಗೆ ಒಂದು ಪ್ರಶಸ್ತಿಯೇ ಉಂಟು. ಸಿಗುವುದು ಅಪರೂಪ ಅಂದುಕೊಂಡಿರಾ? ಹ್ಯಾಮ್‌ಗಳು ಗೆಲ್ಲುತ್ತಲೇ ಇದ್ದಾರೆ! ನೂರಾರು ಕಿಲೋಮೀಟರ್ ಎತ್ತರದಲ್ಲಿರುವ ಅಯಾನುಗೋಳ ಅವರ ಅಲೆಗಳನ್ನು ಬಾಗಿಸಿ ಮತ್ತೆ ನೆಲಕ್ಕೆ ಕಳಿಸುತ್ತದೆ. ಅದಕ್ಕೆ ಅವರು ಕೊಡುವ ಬಾಡಿಗೆ ಏನೂ ಇಲ್ಲ!

ಐದು ವ್ಯಾಟ್ ಬಿಡಿ, ಒಂದು ವ್ಯಾಟ್ ಬಿಡಿ. ಹ್ಯಾಮ್‌ಗಳ ಮೊಟ್ಟಮೊದಲ ಉಪಗ್ರಹ ಆಸ್ಕರ್-1 ಎಷ್ಟು ಶಕ್ತಿಯಲ್ಲಿ ಮಾತಾಡುತ್ತಿತ್ತು, ಹೇಳಿ ನೋಡೋಣ!

0.14 ವ್ಯಾಟ್!

ಅದು 1961ರ ಡಿಸೆಂಬರ್ 12. ಸ್ಪುಟ್ನಿಕ್ ಹಾರಿ ಇನ್ನೂ ನಾಲ್ಕೇ ವರ್ಷ. ನಾಲ್ಕೂವರೆ ಕಿಲೋ ತೂಕದ ಆ ಪೆಟ್ಟಿಗೆ ಆಡಿದ್ದು ಒಂದೇ ಮಾತು. ಆರು ಚುಕ್ಕಿ. ಡಿ-ಡಿ-ಡಿ-ಡಿಟ್, ಡಿ-ಡಿಟ್! 22 ದಿನ ಅದನ್ನೇ ಹೇಳುತ್ತ ಭೂಮಿಯನ್ನು ಸುತ್ತಿತು. 28 ದೇಶಗಳ 570ಕ್ಕೂ ಹೆಚ್ಚು ಹ್ಯಾಮ್‌ಗಳು ಕೇಳಿಸಿಕೊಂಡರು!

ಅದರಲ್ಲೊಂದು ಜಾಣ್ಮೆ ಅಡಗಿತ್ತು. ಪೆಟ್ಟಿಗೆಯೊಳಗಿನ ಉಷ್ಣತೆ ಬದಲಾದಂತೆ ‘ಹಾಯ್’ ಹೇಳುವ ವೇಗವೂ ಬದಲಾಗುತ್ತಿತ್ತು! ಹ್ಯಾಮ್‌ಗಳು ಗಡಿಯಾರ ಹಿಡಿದು ಚುಕ್ಕಿಗಳ ವೇಗ ಅಳೆದರು. ಬಾಹ್ಯಾಕಾಶದಲ್ಲಿರುವ ಪೆಟ್ಟಿಗೆಯ ಉಷ್ಣತೆ ಮನೆಯಲ್ಲೇ ತಿಳಿಯಿತು!

ಈಗ ಚಂದ್ರನ ಸರದಿ!

1953ರ ಜನವರಿಯಲ್ಲಿ ಅಮೆರಿಕದ ಇಬ್ಬರು ಹ್ಯಾಮ್‌ಗಳು ಚಂದ್ರನ ಮುಖಕ್ಕೆ ರೇಡಿಯೊ ಅಲೆ ಬೀಸಿ ಅದರ ಪ್ರತಿಧ್ವನಿಯನ್ನು ಕೇಳಿಸಿಕೊಂಡರು. 1960ರಲ್ಲಿ ಮ್ಯಾಸಚೂಸೆಟ್ಸ್‌ನವರೂ ಕ್ಯಾಲಿಫೋರ್ನಿಯದವರೂ ಚಂದ್ರನ ಮೂಲಕವೇ ಪರಸ್ಪರ ಸಂದೇಶ ಮುಟ್ಟಿಸಿದರು! ಹೋಗಿ ಬರುವ ದಾರಿ ಏಳೂವರೆ ಲಕ್ಷ ಕಿಲೋಮೀಟರಿಗೂ ಹೆಚ್ಚು. ಹಿಡಿಯುವ ಹೊತ್ತು? ಎರಡೂವರೆ ಸೆಕೆಂಡ್! ನೀವು ಕೀ ಒತ್ತಿ ಬೆರಳು ತೆಗೆದ ಮೇಲೆ ನಿಮ್ಮದೇ ದನಿ ಚಂದ್ರನಿಂದ ವಾಪಸ್ ಬರುತ್ತದೆ! ಈಗಲೂ ಇದನ್ನು ಕಿವಿಯಿಂದಲೇ ಹಿಡಿಯುವವರಿದ್ದಾರೆ.

ಚಂದ್ರನಿಗೇ ಬಾಯಿ ಬಿಟ್ಟಿರಾ? ತಾಳಿ!

2013ರ ಅಕ್ಟೋಬರ್ 9. ಗುರುಗ್ರಹಕ್ಕೆ ಹೊರಟಿದ್ದ ನಾಸಾದ ‘ಜುನೋ’ ನೌಕೆ ವೇಗ ಪಡೆಯಲು ಭೂಮಿಯ ಪಕ್ಕದಲ್ಲೇ ಹಾದುಹೋಯಿತು. ನಾಸಾ ಜಗತ್ತಿನ ಹ್ಯಾಮ್‌ಗಳನ್ನು ಕರೆದು ಒಂದು ಕೆಲಸ ಕೊಟ್ಟಿತು. ಎಲ್ಲರೂ ಸೇರಿ ಜುನೋಗೆ ‘ಹಾಯ್’ ಹೇಳಿ!

ಯಾವ ಭಾಷೆಯಲ್ಲಿ? ಗೊತ್ತಾಯಿತಲ್ಲ!

ಅದೇ ಆರು ಚುಕ್ಕಿ. ಆದರೆ ಒಂದೊಂದು ಚುಕ್ಕಿಯ ಉದ್ದ ಎಷ್ಟು? ಸಾಮಾನ್ಯ ವೇಗದ ಮೋರ್ಸ್‌ನಲ್ಲಿ ಅದು ಸೆಕೆಂಡಿನ ಸಣ್ಣ ಚೂರು. ಇಲ್ಲಿ ಬರೋಬ್ಬರಿ 30 ಸೆಕೆಂಡ್! ನೌಕೆಯ ಉಪಕರಣ ಗುರುತು ಹಿಡಿಯಬೇಕಲ್ಲ! ಒಂದು ‘ಹಾಯ್’ ಮುಗಿಯಲು ಆರು ನಿಮಿಷಕ್ಕೂ ಹೆಚ್ಚು. ಸಾವಿರಕ್ಕೂ ಮಿಕ್ಕಿ ಹ್ಯಾಮ್‌ಗಳು ಒಂದೇ ಗಡಿಯಾರ ನೋಡಿಕೊಂಡು ಒಟ್ಟಿಗೆ ಕೀ ಒತ್ತಿದರು. ಅಂಟಾರ್ಕ್ಟಿಕಾದಿಂದಲೂ ಒತ್ತಿದರು!

ಜುನೋ ಕೇಳಿಸಿಕೊಂಡಿತೇ? ಕೇಳಿಸಿಕೊಂಡಿತು! 37,000 ಕಿಲೋಮೀಟರಿಗೂ ಆಚೆ ಇದ್ದಾಗಲೇ ಅದರ ‘ವೇವ್ಸ್’ ಉಪಕರಣದಲ್ಲಿ ಆ ಚುಕ್ಕಿಗಳು ಮೂಡಿದವು!

ಇದೆಲ್ಲ ಹೊರದೇಶದ ಮಾತಾಯಿತು, ನಮ್ಮವರೇನು ಮಾಡಿದರು ಅನ್ನುತ್ತೀರಾ? ಬನ್ನಿ ಬೆಂಗಳೂರಿಗೆ!

2005ರ ಮೇ 5ರಂದು ಇಸ್ರೋ ‘ಹ್ಯಾಮ್‌ಸ್ಯಾಟ್’ ಹಾರಿಸಿತು. ಹ್ಯಾಮ್‌ಗಳಿಗೆಂದೇ ಕಟ್ಟಿದ ಉಪಗ್ರಹ! ಅದರೊಳಗೆ ಎರಡು ಟ್ರಾನ್ಸ್‌ಪಾಂಡರ್, ಅಂದರೆ ಸಂಕೇತ ಹಿಡಿದು ಮತ್ತೆ ನೆಲಕ್ಕೆ ಕಳಿಸುವ ಸಾಧನ. ಒಂದು ನಮ್ಮವರದು, ಇನ್ನೊಂದು ನೆದರ್ಲೆಂಡ್ಸ್‌ನ ಹ್ಯಾಮ್ ವಿದ್ಯಾರ್ಥಿ ಮಾಡಿಕೊಟ್ಟದ್ದು. 2014ರವರೆಗೆ, ಒಂಬತ್ತು ವರ್ಷಕ್ಕೂ ಹೆಚ್ಚು ಕಾಲ, ಜಗತ್ತಿನ ಹ್ಯಾಮ್‌ಗಳು ಅದರ ಮೂಲಕ ಮಾತಾಡಿದರು!

2010ರ ಜುಲೈ 12ರಂದು ‘ಸ್ಟಡ್‌ಸ್ಯಾಟ್’ ಹಾರಿತು. ಕಟ್ಟಿದವರು ಯಾರು? ಬೆಂಗಳೂರು, ಹೈದರಾಬಾದ್‌ಗಳ ಏಳು ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು! ತೂಕ ಒಂದು ಕಿಲೋಗಿಂತ ಕಡಿಮೆ. ಬೆಂಗಳೂರಿನ ನಿಟ್ಟೆ ಮೀನಾಕ್ಷಿ ಕಾಲೇಜಿನಲ್ಲಿ ಅದಕ್ಕಾಗಿ ಭೂಕೇಂದ್ರವನ್ನೂ ಕಟ್ಟಿಕೊಂಡರು. ನಾನು ಇಲ್ಲಿದ್ದೇನೆ ಎಂದು ಸಾರುವ ಬೀಕನ್ ಯಾವ ಭಾಷೆಯದು? ಮೋರ್ಸ್! ಇಪ್ಪತ್ತೊಂದನೇ ಶತಮಾನದ ಹುಡುಗ ಹುಡುಗಿಯರು ತಮ್ಮ ಪುಟಾಣಿ ಉಪಗ್ರಹಕ್ಕೆ ಕಲಿಸಿದ್ದು ಹತ್ತೊಂಬತ್ತನೇ ಶತಮಾನದ ನುಡಿ!

ಕಾರಣ ಸರಳ. ಪುಟ್ಟ ಉಪಗ್ರಹಕ್ಕೆ ವಿದ್ಯುತ್ ಕಡಿಮೆ. ಕಡಿಮೆ ವಿದ್ಯುತ್‌ನಲ್ಲಿ ದೂರ ಮುಟ್ಟಬೇಕು. ಕೇಳುವವರಿಗೆ ವಿಶೇಷ ಯಂತ್ರ ಬೇಕಾಗಬಾರದು. ಇಷ್ಟನ್ನೂ ನಡೆಸಿಕೊಡಲು ಮೋರ್ಸ್ ಸಾಕು!

ಇಷ್ಟು ಹೇಳಿದ ಮೇಲೆ ಒಂದು ಪ್ರಶ್ನೆ ಬಂದೇ ಬರುತ್ತದೆ. ಕಂಪ್ಯೂಟರ್ ಇನ್ನೂ ಕ್ಷೀಣವಾದ ಸಂಕೇತ ಹಿಡಿಯುವುದಿಲ್ಲವೇ?

ಹಿಡಿಯುತ್ತದೆ! 2017ರಲ್ಲಿ ಬಂದ ‘ಎಫ್‌ಟಿ8’ ವಿಧಾನ ಕಿವಿಗೆ ಕೇಳಿಸದ ಸಂಕೇತವನ್ನೂ ಹೆಕ್ಕುತ್ತದೆ. ಅದನ್ನು ರೂಪಿಸಿದವರಲ್ಲಿ ಒಬ್ಬರು ಯಾರು ಗೊತ್ತೆ? 1993ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದ ಜೋಸೆಫ್ ಟೇಲರ್! ಅವರೂ ಒಬ್ಬ ಹ್ಯಾಮ್!

ಆದರೆ ಅಲ್ಲಿ ಮಾತಾಡುವುದು ಕಂಪ್ಯೂಟರಿಗೆ ಕಂಪ್ಯೂಟರ್. ಮೋರ್ಸ್‌ನಲ್ಲಿ ಸಂದೇಶ ಕಟ್ಟುವುದು ಒಂದು ಬೆರಳು, ಬಿಡಿಸುವುದು ಒಂದು ಮಿದುಳು. ನಡುವೆ ಯಾವ ಸಾಫ್ಟ್‌ವೇರೂ ಇಲ್ಲ! ಅದಕ್ಕೇ ಪ್ರತಿಯೊಬ್ಬರ ಕೈಗೂ ಒಂದು ಲಯ. ಅದಕ್ಕೆ ಹ್ಯಾಮ್‌ಗಳು ‘ಫಿಸ್ಟ್’ ಅನ್ನುತ್ತಾರೆ. ಹಳೇ ಗೆಳೆಯರಾದರೆ ಹೆಸರು ಹೇಳುವ ಮೊದಲೇ ಒತ್ತಿದ ರೀತಿಯಲ್ಲೇ ಗುರುತು ಹಿಡಿಯುತ್ತಾರೆ!

ಆ ಮಿದುಳು ಎಷ್ಟು ವೇಗವಾಗಿ ಬಿಡಿಸಬಲ್ಲದು? ನಿಮಿಷಕ್ಕೆ 20 ಪದದ ವೇಗದಲ್ಲಿ ಒಂದು ಚುಕ್ಕಿಯ ಆಯಸ್ಸು ಸೆಕೆಂಡಿನ ಸಾವಿರ ಪಾಲುಗಳಲ್ಲಿ 60. ಪಳಗಿದವರಿಗೆ ಇದು ಆರಾಮದ ನಡಿಗೆ. 1939ರಲ್ಲಿ ಅಮೆರಿಕದ ಟೆಡ್ ಮೆಕೆಲ್ರಾಯ್ ಎಂಬ ಪಟು ಮಾಡಿದ ದಾಖಲೆ ಎಷ್ಟು ಗೊತ್ತೆ? 40? 50?

75.2 ಪದ! ಅಲ್ಲಿ ಒಂದು ಚುಕ್ಕಿ ಬದುಕುವುದು ಸೆಕೆಂಡಿನ ಸಾವಿರ ಪಾಲುಗಳಲ್ಲಿ 16 ಮಾತ್ರ!

ಇದು ಹೇಗೆ ಸಾಧ್ಯ? ಅವರು ಚುಕ್ಕಿ ಎಣಿಸುವುದಿಲ್ಲ! ಅದೇ ಮರ್ಮ. ಅಕ್ಷರವನ್ನು ಇಡಿಯಾಗಿ ಒಂದು ನಾದವೆಂದೇ ಕೇಳುತ್ತಾರೆ. 1930ರ ದಶಕದಲ್ಲಿ ಜರ್ಮನಿಯ ಮನೋವಿಜ್ಞಾನಿ ಲುಡ್ವಿಗ್ ಕೋಕ್ ಇದರ ಮೇಲೆಯೇ ಒಂದು ಕಲಿಕೆಯ ಕ್ರಮ ಕಟ್ಟಿದರು. ಮೊದಲ ದಿನದಿಂದಲೇ ಪೂರ್ಣ ವೇಗ, ಆದರೆ ಎರಡೇ ಅಕ್ಷರ. ಅವು ಪಳಗಿದ ಮೇಲೆ ಮೂರನೆಯದು! ಇಂದಿಗೂ ಜಗತ್ತಿನಾದ್ಯಂತ ಕಲಿಯುವವರು ಈ ಹಾದಿ ಹಿಡಿಯುತ್ತಾರೆ.

ಈ ಭಾಷೆ ಇಂದಿಗೂ ಬೆಳೆಯುತ್ತಿದೆ ಎಂದರೆ? ಹೌದು, ಬೆಳೆಯುತ್ತಿದೆ! 1844ರಲ್ಲಿ ವಾಷಿಂಗ್ಟನ್‌ನಿಂದ ಬಾಲ್ಟಿಮೋರ್‌ಗೆ ಮೊದಲ ಸಂದೇಶ ಹರಿದು 160 ವರ್ಷವಾದ ಮೇಲೆ, 2004ರಲ್ಲಿ, ಮೋರ್ಸ್‌ಗೆ ಹೊಸದೊಂದು ಚಿಹ್ನೆ ಸೇರಿತು. ಯಾವುದಿರಬಹುದು?

ಇಮೇಲ್ ವಿಳಾಸದ ನಡುವಿನ ‘ಅಟ್’ ಚಿಹ್ನೆ! ‘ಎ’ ಮತ್ತು ‘ಸಿ’ ಅಕ್ಷರಗಳನ್ನು ಬಿಡುವಿಲ್ಲದೆ ಕೂಡಿಸಿದರೆ ಅದೇ. ಡಿ-ಡಾ-ಡಾ-ಡಿ-ಡಾ-ಡಿಟ್! ‘ಡಾ’ ಅಂದರೆ ಚುಕ್ಕಿಗಿಂತ ಉದ್ದದ ಗೆರೆ.

ಇಂಟರ್ನೆಟ್ ಜೊತೆಗೂ ಮೋರ್ಸ್ ಕೈ ಜೋಡಿಸಿದೆ. ‘ರಿವರ್ಸ್ ಬೀಕನ್ ನೆಟ್‌ವರ್ಕ್’ ಎಂಬ ಜಾಲದಲ್ಲಿ ಹಲವು ದೇಶಗಳ ಹ್ಯಾಮ್‌ಗಳು ತಮ್ಮ ರಿಸೀವರ್‌ಗಳನ್ನು ಕಂಪ್ಯೂಟರಿಗೆ ಜೋಡಿಸಿಟ್ಟಿದ್ದಾರೆ. ನೀವು ನಿಮ್ಮ ಮನೆಯಲ್ಲಿ ಕೂತು ಮೋರ್ಸ್‌ನಲ್ಲಿ ಕರೆ ಕೊಡಿ. ಕೆಲವೇ ಕ್ಷಣದಲ್ಲಿ ಜಾಲ ತೋರಿಸುತ್ತದೆ: ಯಾವ ದೇಶದಲ್ಲಿ, ಎಷ್ಟು ಜೋರಾಗಿ ನಿಮ್ಮ ದನಿ ಕೇಳಿಸಿತು ಎಂದು! ನಿಮ್ಮ ಐದು ವ್ಯಾಟ್ ಯಾವ ಸಮುದ್ರ ದಾಟಿತೆಂದು ಕಣ್ಣಾರೆ ನೋಡಬಹುದು!

ಇನ್ನು ತಡ ಯಾಕೆ? ಪ್ರಸಾರ ಮಾಡಲು ಪರೀಕ್ಷೆ ಬರೆದು ಪರವಾನಗಿ ಪಡೆಯಬೇಕು, ನಿಜ. ಆದರೆ ನಿಮ್ಮ ಮೊಬೈಲಿನಲ್ಲಿ ಇವತ್ತೇ ಕೇಳಬಹುದು! ನೆದರ್ಲೆಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದ ‘ವೆಬ್‌ಎಸ್‌ಡಿಆರ್’ ರಿಸೀವರನ್ನು ಯಾರು ಬೇಕಾದರೂ ಅಂತರ್ಜಾಲದಲ್ಲಿ ತಿರುಗಿಸಬಹುದು. 7,000ದಿಂದ 7,030 ಕಿಲೋಹರ್ಟ್ಸ್ ನಡುವೆ ಹೋಗಿ, ‘ಸಿಡಬ್ಲ್ಯೂ’ (ಹ್ಯಾಮ್‌ಗಳ ಮಾತಿನಲ್ಲಿ ಮೋರ್ಸ್) ಒತ್ತಿ, ಮೆಲ್ಲಗೆ ಸರಿಯುತ್ತಾ ಬನ್ನಿ.

ಮೊದಲು ಹುಡುಕಬೇಕಾದ ನಾದ ಇದು: ಡಾ-ಡಿ-ಡಾ-ಡಿಟ್, ಡಾ-ಡಾ-ಡಿ-ಡಾ. ಅಂದರೆ ‘ಸಿಕ್ಯೂ’. ಯಾರಾದರೂ ಬನ್ನಿ, ಮಾತಾಡೋಣ ಎಂಬ ಕರೆ! ನೀವು ಅದನ್ನು ಒಂದೇ ಒಂದು ಸಲ ಗುರುತು ಹಿಡಿಯಿರಿ ಸಾಕು. ಆಮೇಲೆ ಮೂರನೇ ಅಕ್ಷರ, ನಾಲ್ಕನೇ ಅಕ್ಷರ ಕಲಿಯಿರಿ ಎಂದು ಯಾರೂ ನಿಮಗೆ ಹೇಳಬೇಕಾಗುವುದಿಲ್ಲ!